ಎಣ್ಣೆ ಕ್ಯಾನಿನಿಂದ ಶುರು: ದಾವಣಗೆರೆಯ ಊಟ ಬಿಡದೆ ತೂಕ ಇಳಿಸುವ ಬಗೆ

ಅಡುಗೆಮನೆಯ ಎಣ್ಣೆ ಕ್ಯಾನಿನ ಮೇಲೆ ಸ್ಕೆಚ್ ಪೆನ್ನಿನಿಂದ ಇವತ್ತಿನ ತಾರೀಖು ಬರೆಯಿರಿ. ಖಾಲಿಯಾದ ದಿನ ಅದರ ಕೆಳಗೆ ಇನ್ನೊಂದು ತಾರೀಖು ಬೀಳಲಿ. ಅಲ್ಲಿಯವರೆಗೆ ಊಟದಲ್ಲಿ ಏನನ್ನೂ ಬದಲಿಸಬೇಡಿ. ತೂಕ ಇಳಿಸಲು ಹೊರಟವರು ಮೊದಲು ಅನ್ನ ಬಿಡುತ್ತಾರೆ, ಆಮೇಲೆ ರಾತ್ರಿ ಊಟವನ್ನೇ ಬಿಡುತ್ತಾರೆ, ಮೂರನೇ ವಾರಕ್ಕೆ ಎರಡನ್ನೂ ಬಡ್ಡಿ ಸಮೇತ ತಿನ್ನುತ್ತಾರೆ. ಎಣ್ಣೆಯ ಕಡೆ ಯಾರೂ ನೋಡುವುದಿಲ್ಲ. ಅದು ತಟ್ಟೆಯಲ್ಲಿ ಬೇರೆಯಾಗಿ ಕಾಣುವುದಿಲ್ಲವಲ್ಲ.

ಲೆಕ್ಕ ಹಾಕಿ ನೋಡಿ. ನಾಲ್ಕು ಜನರ ಮನೆಯಲ್ಲಿ 5 ಲೀಟರ್ ಕ್ಯಾನು ಒಂದು ತಿಂಗಳಿಗೆ ಮುಗಿಯಿತು ಅಂದುಕೊಳ್ಳೋಣ. 5 ಲೀಟರ್ ಎಣ್ಣೆ ಸುಮಾರು 4,550 ಗ್ರಾಂ ತೂಗುತ್ತದೆ. ಗ್ರಾಂಗೆ 9 ಕ್ಯಾಲರಿಯಂತೆ ಸುಮಾರು 41,000 ಕ್ಯಾಲರಿ. ನಾಲ್ಕು ಜನಕ್ಕೂ 30 ದಿನಕ್ಕೂ ಹಂಚಿದರೆ ತಲೆಗೆ ದಿನಕ್ಕೆ 340. ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಯಲ್ಲಿ ಇರುವುದೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಮನೆಯ ಪ್ರತಿಯೊಬ್ಬರೂ ಕಣ್ಣಿಗೆ ಕಾಣದ ಒಂದು ಮುದ್ದೆಯನ್ನು ದಿನಾ ನುಂಗುತ್ತಿದ್ದಾರೆ.

ತಲೆಗೆ ದಿನಕ್ಕೆ ನಾಲ್ಕು ಟೀ ಚಮಚ, ಅಂದರೆ 20 ಮಿಲಿಲೀಟರ್ ಎಣ್ಣೆ ಸಾಕು. ನಾಲ್ಕು ಜನಕ್ಕೆ ತಿಂಗಳಿಗೆ 2.4 ಲೀಟರ್ ಆಯಿತು. ಇಷ್ಟಕ್ಕೆ ಇಳಿಸಿದರೆ ಒಬ್ಬೊಬ್ಬರಿಗೂ ದಿನಕ್ಕೆ 170ಕ್ಕಿಂತ ಹೆಚ್ಚು ಕ್ಯಾಲರಿ ಉಳಿಯುತ್ತದೆ, ತಿಂಗಳಿಗೆ 5,000 ದಾಟುತ್ತದೆ. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಒಂದು ತುತ್ತು ಅನ್ನವನ್ನೂ ಬಿಡದೆ ತಿಂಗಳಿಗೆ ಅರ್ಧ ಕಿಲೋ ಮೇಲೆ ಇಳಿಯುವ ದಾರಿ ಇದು.

ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವುದೇ ಇಲ್ಲಿ ಆಗುವ ತಪ್ಪು. ಬೆಳಿಗ್ಗೆ ನಾಲ್ಕು ಜನಕ್ಕೆ 80 ಮಿಲಿಲೀಟರ್ ಅಳೆದು ಚಿಕ್ಕ ಸ್ಟೀಲ್ ಲೋಟಕ್ಕೆ ಹಾಕಿಡಿ. ತಿಂಡಿ, ಸಾರಿನ ಒಗ್ಗರಣೆ, ಪಲ್ಯ ಎಲ್ಲವೂ ಅದರಲ್ಲೇ ಮುಗಿಯಬೇಕು. ಕೆಮ್ಮಿನ ಸಿರಪ್ ಬಾಟಲಿಯ ಮುಚ್ಚಳದ ಮೇಲೆ ಮಿಲಿಲೀಟರ್ ಗೆರೆ ಇರುತ್ತದೆ, ತೊಳೆದಿಟ್ಟುಕೊಂಡರೆ ಅದೇ ಅಳತೆ. ಮೊದಲ ವಾರ ಈರುಳ್ಳಿ ತಳ ಹಿಡಿಯುತ್ತದೆ, ಮನೆಯವರು ಗೊಣಗುತ್ತಾರೆ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಮೇಲೊಂದು ಮುಚ್ಚಳ, ಹತ್ತಿಕೊಂಡಾಗ ಒಂದು ಚಮಚ ನೀರು: ಇಷ್ಟಾದರೆ ಸರಿಹೋಗುತ್ತದೆ. ಎಣ್ಣೆಗಾಯಿಗೆ ಬದನೆಕಾಯಿಯನ್ನು ಎಣ್ಣೆಯಲ್ಲಿ ಬಾಡಿಸುವ ಬದಲು ಐದು ನಿಮಿಷ ಹಬೆಯಲ್ಲಿ ಬೇಯಿಸಿ ಆಮೇಲೆ ಮಸಾಲೆಗೆ ಹಾಕಿ. ಶೇಂಗಾ, ಎಳ್ಳು ಬಿದ್ದ ಮಸಾಲೆ ತಾನೇ ಎಣ್ಣೆ ಬಿಡುತ್ತದೆ. ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿಗೆ ಎಣ್ಣೆ ಹಾಕಿಕೊಳ್ಳುವ ರೂಢಿ ಇದ್ದರೆ ಗಟ್ಟಿ ಮೊಸರು ಹಾಕಿಕೊಳ್ಳಿ. ನೂರು ಗ್ರಾಂ ಶೇಂಗಾದಲ್ಲೇ 560ಕ್ಕಿಂತ ಹೆಚ್ಚು ಕ್ಯಾಲರಿ ಇದೆ, ಅದರ ಮೇಲೆ ಮತ್ತೆ ಎಣ್ಣೆ ಬೇಕಿಲ್ಲ.

ಗಾಣದ ಎಣ್ಣೆಯಾದರೆ ಪರವಾಗಿಲ್ಲವೇ ಎಂದು ಕೇಳುವವರಿದ್ದಾರೆ. ರುಚಿ ಬೇರೆ ಇರಬಹುದು. ಕುಸುಬೆ, ಶೇಂಗಾ, ಸೂರ್ಯಕಾಂತಿ, ಗಾಣದ್ದು, ಪ್ಯಾಕೆಟ್ಟಿನದು ಎಲ್ಲಕ್ಕೂ ಗ್ರಾಂಗೆ ಅದೇ 9 ಕ್ಯಾಲರಿ. ತುಪ್ಪಕ್ಕೂ ಹೆಚ್ಚುಕಮ್ಮಿ ಅಷ್ಟೇ.

ಮುದ್ದೆಯೋ ಅನ್ನವೋ

ಚಿತ್ರದುರ್ಗದ ಕಡೆ ಮುದ್ದೆ, ಹರಪನಹಳ್ಳಿ ಕಡೆಗೆ ಹೋದಂತೆ ಜೋಳದ ರೊಟ್ಟಿ, ಭದ್ರಾ ನಾಲೆಯ ಹಳ್ಳಿಗಳಲ್ಲಿ ಅನ್ನ. ಯಾವುದು ತಿಂದರೆ ಸಣ್ಣಗಾಗುತ್ತಾರೆ ಎಂಬ ವಾದ ಮುಗಿಯುವುದೇ ಇಲ್ಲ. ನೂರು ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲರಿ, ಜೋಳದ ಹಿಟ್ಟಿಗೆ 335ರ ಆಸುಪಾಸು, ಅಕ್ಕಿಗೆ 350ರ ಆಸುಪಾಸು. ನವಣೆ, ಸಾಮೆ ಕೂಡ ಇದೇ ಸಾಲಿನವು. ವ್ಯತ್ಯಾಸ ಇರುವುದು ನಾರಿನಲ್ಲಿ. ರಾಗಿಯಲ್ಲಿ ನೂರು ಗ್ರಾಂಗೆ 11 ಗ್ರಾಂನಷ್ಟು ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಾಗಿ ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅಕ್ಕಿ ಬಿಟ್ಟು ಎರಡು ದೊಡ್ಡ ಮುದ್ದೆ ಉಂಡರೆ ತೂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕಾಳು ಯಾವುದಾದರೂ ಇರಲಿ, ಹಿಟ್ಟನ್ನೂ ಅಕ್ಕಿಯನ್ನೂ ಒಮ್ಮೆ ತಕ್ಕಡಿಯಲ್ಲಿಟ್ಟು ನೋಡಿ. ನಿಮ್ಮ ಮನೆಯ ಮುದ್ದೆ 70 ಗ್ರಾಂ ಹಿಟ್ಟಿನದೋ 130 ಗ್ರಾಂನದೋ ಎಂಬುದು ಅವತ್ತೇ ಗೊತ್ತಾಗುತ್ತದೆ.

ಎಷ್ಟು ಇಳಿಸಬೇಕು, ಎಷ್ಟು ಬೇಗ

ಕಿಲೋ ಲೆಕ್ಕದ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ನಮ್ಮಂಥ ಏಷ್ಯಾದವರ ಮೈಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಪಾಶ್ಚಾತ್ಯರಿಗಾಗಿ ಮಾಡಿದ 25 ಮತ್ತು 30ರ ಗೆರೆ ನಮಗೆ ಹೊಂದುವುದಿಲ್ಲ, ಯಾಕೆಂದರೆ ಕಡಿಮೆ ತೂಕದಲ್ಲೇ ನಮ್ಮ ಹೊಟ್ಟೆಯೊಳಗೆ ಕೊಬ್ಬು ಕೂಡಿ ಸಕ್ಕರೆ ಕಾಯಿಲೆ ಬರುತ್ತದೆ. ಅದಕ್ಕೇ ತಕ್ಕಡಿಗಿಂತ ಟೇಲರ್ ಟೇಪು ಹೆಚ್ಚು ನಿಜ ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುಮಧ್ಯೆ ಟೇಪು ಸುತ್ತಿ, ಉಸಿರು ಹೊರಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ಓದಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ. ಪ್ಯಾಂಟಿನ ಅಳತೆ ನಂಬಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ.

ವಾರಕ್ಕೆ ಅರ್ಧ ಕಿಲೋ ಒಳ್ಳೆಯ ವೇಗ, ಒಂದು ಕಿಲೋ ಮೇಲ್ಮಿತಿ. ಮೊದಲ ಗುರಿಯಾಗಿ ಆರು ತಿಂಗಳಲ್ಲಿ ಈಗಿನ ತೂಕದ ನೂರಕ್ಕೆ 5ರಿಂದ 10 ಇಟ್ಟುಕೊಳ್ಳಿ. ಅಷ್ಟರಲ್ಲೇ ಬಿಪಿ, ಸಕ್ಕರೆ, ಮಂಡಿ ನೋವು ಸುಧಾರಿಸುವುದು ಕಾಣುತ್ತದೆ. ಇದಕ್ಕಿಂತ ಅವಸರ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಹೆಚ್ಚುತ್ತದೆ, ಎರಡು ಮೂರು ತಿಂಗಳ ನಂತರ ಬಾಚಣಿಗೆ ತುಂಬ ಕೂದಲು ಬರುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕೋಣ. 40 ವರ್ಷದ ಹೆಂಗಸು, 72 ಕಿಲೋ, 155 ಸೆಂಟಿಮೀಟರ್. ಬಿಎಂಐ 30. ತೂಕವನ್ನು 10ರಿಂದ ಗುಣಿಸಿ (720), ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ (969), ವಯಸ್ಸಿನ ಐದು ಪಟ್ಟು ಕಳೆಯಿರಿ (200), ಹೆಂಗಸರಾದ್ದರಿಂದ 161 ಕಳೆಯಿರಿ. ಉಳಿದದ್ದು ಸುಮಾರು 1,330. ಸುಮ್ಮನೆ ಮಲಗಿದ್ದರೂ ಮೈ ಖರ್ಚು ಮಾಡುವ ಕ್ಯಾಲರಿ ಇದು. ಗಂಡಸರಾದರೆ 161 ಕಳೆಯುವ ಬದಲು 5 ಕೂಡಿಸಬೇಕು. ಮನೆಗೆಲಸ, ಸ್ವಲ್ಪ ಓಡಾಟ ಇರುವವರು 1.4ರಿಂದ ಗುಣಿಸಿದರೆ ದಿನದ ಖರ್ಚು ಸಿಗುತ್ತದೆ: 1,860. ಅದರಲ್ಲಿ 450ರಿಂದ 500 ತಗ್ಗಿಸಿದರೆ 1,400ರ ಆಸುಪಾಸು. ಈಕೆಯ ಅಳತೆ ಅದು. ಲೆಕ್ಕ ಎಷ್ಟೇ ಕೆಳಗೆ ಬಂದರೂ ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ತಾವಾಗಿಯೇ ಇಳಿಯಬಾರದು.

ಮೊದಲು ಡಾಕ್ಟರ ಹತ್ತಿರ ಹೋಗಬೇಕಾದವರು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಊಟ ತಗ್ಗಿಸುವ ಮೊದಲೇ ಔಷಧಿಯ ಪ್ರಮಾಣ ಕೇಳಿಕೊಳ್ಳಬೇಕು. ಮಾತ್ರೆ ಹಳೆಯದು, ಊಟ ಅರ್ಧ ಎಂದಾದರೆ ಸಕ್ಕರೆ ದಿಢೀರನೆ ಕುಸಿದು ಬೆವರು, ನಡುಕ, ಕಣ್ಣು ಕತ್ತಲೆ, ಕೊನೆಗೆ ಪ್ರಜ್ಞೆ ತಪ್ಪುವುದು. ಬಿಪಿ ಮಾತ್ರೆಯವರಿಗೆ ತೂಕ ಇಳಿದಂತೆ ಈಗಿನ ಡೋಸೇ ಅತಿಯಾಗಬಹುದು, ಎದ್ದು ನಿಂತಾಗ ತಲೆ ಸುತ್ತಿದರೆ ಅದೇ ಸೂಚನೆ. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನ್ ಹೆಚ್ಚಿಸುವ ಮುನ್ನ ಕೇಳಲೇಬೇಕು. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಈ ಲೆಕ್ಕಕ್ಕೆ ಬರುವುದಿಲ್ಲ.

ಉಳಿದವರೂ ಒಮ್ಮೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್, ಹಿಮೋಗ್ಲೋಬಿನ್ ನೋಡಿಸಿಕೊಳ್ಳುವುದು ಒಳ್ಳೆಯದು. ಥೈರಾಯ್ಡ್ ಕುಂದಿದ್ದರೆ, ಪಿಸಿಓಡಿ ಎಂಬ ಅಂಡಾಶಯದ ಹಾರ್ಮೋನ್ ತೊಂದರೆ ಇದ್ದರೆ, ಸ್ಟಿರಾಯ್ಡ್ ಮಾತ್ರೆ ತಿನ್ನುತ್ತಿದ್ದರೆ ತೂಕ ಹಟ ಮಾಡುತ್ತದೆ. ಏನೂ ಪ್ರಯತ್ನಿಸದೆಯೇ ಆರು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದಿದ್ದರೆ ಅದು ಸಂತೋಷದ ವಿಷಯವಲ್ಲ, ತಡ ಮಾಡದೆ ತೋರಿಸಿ.

1,400 ಕ್ಯಾಲರಿಯ ಒಂದು ದಿನ

ಬೆಳಿಗ್ಗೆ 40 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿ, ಮೊಳಕೆ ಹೆಸರುಕಾಳು ಅಥವಾ ಮಡಕೆಕಾಳಿನ ಪಲ್ಯ ಒಂದು ಬಟ್ಟಲು, ಮೆಂತ್ಯದ ಹಸಿ ಸೊಪ್ಪು ಬೇಕಾದಷ್ಟು. ಮಧ್ಯಾಹ್ನ 75 ಗ್ರಾಂ ಹಿಟ್ಟಿನ ಒಂದು ಮುದ್ದೆ, 30 ಗ್ರಾಂ ಬೇಳೆ ಬಿದ್ದ ಗಟ್ಟಿ ಸೊಪ್ಪಿನ ಸಾರು, ತರಕಾರಿ ಪಲ್ಯ, ದೊಡ್ಡ ಲೋಟ ನೀರು ಮಜ್ಜಿಗೆ. ಸಂಜೆ ಒಂದು ಹಿಡಿ, 20 ಗ್ರಾಂ, ಹುರಿಗಡಲೆ. ರಾತ್ರಿ 50 ಗ್ರಾಂ ಅಕ್ಕಿಯ ಅನ್ನ, ಹುರುಳಿಕಾಳಿನ ಸಾರು, ಸೌತೆಕಾಯಿ ಕೋಸಂಬರಿ, ಅರ್ಧ ಬಟ್ಟಲು ಮೊಸರು. ದಿನಕ್ಕೆ ಒಂದು ಲೋಟ ಹಾಲು, ಟೀಗೂ ಅದರಲ್ಲೇ.

ಇದರಲ್ಲಿ ಪ್ರೋಟೀನ್ 50 ಗ್ರಾಂ ದಾಟುತ್ತದೆ. ತೂಕ ಇಳಿಸುವಾಗ 55ರಿಂದ 65 ಗ್ರಾಂ ಇದ್ದರೆ ಮಾಂಸಖಂಡ ಉಳಿಯುತ್ತದೆ, ಹಸಿವೂ ಹದ್ದುಬಸ್ತಿನಲ್ಲಿರುತ್ತದೆ. ಮೊಟ್ಟೆ ತಿನ್ನುವವರು ಒಂದು ರೊಟ್ಟಿ ಬಿಟ್ಟು ಎರಡು ಮೊಟ್ಟೆ ತಿಂದರೆ ಮೊಟ್ಟೆಯಿಂದಲೇ 12 ಗ್ರಾಂ ಸಿಗುತ್ತದೆ. ತಿನ್ನದವರು ಕಾಳಿನ ಪ್ರಮಾಣ ಹೆಚ್ಚಿಸಲಿ. ನಮ್ಮ ಸಾರಿನ ದೋಷ ಇಲ್ಲೇ ಇದೆ: ಆರು ಜನರ ಸಾರಿಗೆ ಒಂದು ಹಿಡಿ ಬೇಳೆ, ಮಿಕ್ಕದ್ದು ನೀರು, ಖಾರ. ಸಾರು ತೆಳ್ಳಗಾದಷ್ಟೂ ಅನ್ನ ಹೆಚ್ಚು ಹೋಗುತ್ತದೆ.

ತರಕಾರಿ, ಸೊಪ್ಪು ದಿನಕ್ಕೆ 400 ಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಒಬ್ಬರಿಗೆ 400 ಗ್ರಾಂ ಎಂದರೆ ಮಾರ್ಕೆಟ್ಟಿನಿಂದ ತರುವ ಚೀಲ ಈಗಿನ ಎರಡು ಪಟ್ಟಾಗುತ್ತದೆ, ಅದಕ್ಕೆ ಸಿದ್ಧರಿರಿ. ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ ಬಡಿಸಿಕೊಂಡು ಅದನ್ನು ತಿಂದು, ಆಮೇಲೆ ಮುದ್ದೆಗೆ ಕೈ ಹಾಕಿ.

ಟೀ ಲೆಕ್ಕ ಬೇರೆಯೇ ಇಡಬೇಕು. ಅಂಗಡಿ, ಆಫೀಸಿನಲ್ಲಿ ಕೂರುವವರಿಗೆ ದಿನಕ್ಕೆ ನಾಲ್ಕು ಟೀ ದೊಡ್ಡ ಮಾತಲ್ಲ. ಲೋಟಕ್ಕೆ ಎರಡು ಚಮಚದಂತೆ 40 ಗ್ರಾಂ ಸಕ್ಕರೆ, 160 ಕ್ಯಾಲರಿ. ಒಮ್ಮೆಗೇ ಸಕ್ಕರೆ ಬಿಟ್ಟವರು ನಾಲ್ಕು ದಿನಕ್ಕೆ ಸೋಲುತ್ತಾರೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ತಿಂಗಳಲ್ಲಿ ನಾಲಿಗೆ ಒಗ್ಗುತ್ತದೆ. ಬೆಲ್ಲಕ್ಕೆ ಬದಲಾಯಿಸಿದರೆ ಏನೂ ಉಳಿಯುವುದಿಲ್ಲ.

ಸಂಜೆ ಆರು ಗಂಟೆಯ ಮಂಡಕ್ಕಿ

ಈ ಊರಿನಲ್ಲಿ ತೂಕದ ಕತೆ ನಿರ್ಧಾರವಾಗುವುದು ಸಂಜೆ. ಮಂಡಕ್ಕಿ ಹಗುರ, ಅದರಲ್ಲಿ ಏನಿದೆ ಎನ್ನುತ್ತಾರೆ. ಮಾತು ಅರ್ಧ ನಿಜ. ಒಂದು ದೊಡ್ಡ ಬಟ್ಟಲು ಮಂಡಕ್ಕಿ 25 ಗ್ರಾಂ ತೂಗಿದರೆ ಹೆಚ್ಚು, ಕ್ಯಾಲರಿ 90ರ ಸುತ್ತ. ಅದಕ್ಕೆ ಬೀಳುವ ಒಂದು ದೊಡ್ಡ ಚಮಚ ಎಣ್ಣೆಯ ಒಗ್ಗರಣೆ 120, ಒಂದು ಹಿಡಿ ಶೇಂಗಾ 85. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಬಂದು ಕೂರುತ್ತದೆ, ಗಾತ್ರ ನೋಡಿ ಒಂದಕ್ಕೆ ಅಂದಾಜು 100ರಿಂದ 150. ಮೂರು ತಿಂದರೆ ಒಂದು ಊಟವಾಯಿತು, ಆದರೆ ಊಟ ಎಂದು ಲೆಕ್ಕಕ್ಕೆ ಸೇರುವುದಿಲ್ಲ, ಒಂಬತ್ತಕ್ಕೆ ಮತ್ತೆ ತಟ್ಟೆ ಹಾಕುತ್ತಾರೆ.

ಮಂಡಕ್ಕಿ ಬಿಡಬೇಕಿಲ್ಲ. ಮನೆಯಲ್ಲಿ ಒಂದು ಟೀ ಚಮಚ ಎಣ್ಣೆಯ ಒಗ್ಗರಣೆ, ಹೆಚ್ಚಿದ ಈರುಳ್ಳಿ, ಟೊಮೆಟೊ, ಸೌತೆ, ತುರಿದ ಗಜ್ಜರಿ, ಕೊತ್ತಂಬರಿ, ಮೇಲೊಂದಿಷ್ಟು ಪುಟಾಣಿ ಪುಡಿ, ನಿಂಬೆಹಣ್ಣು. ಮೆಣಸಿನಕಾಯಿಯನ್ನು ಬಾಣಲೆಗೆ ಒಂದು ಹನಿ ಎಣ್ಣೆ ಸವರಿ ಸುಟ್ಟು ಉಪ್ಪು ಹಚ್ಚಿ ಕಚ್ಚಿಕೊಳ್ಳಿ. ಮಂಡಕ್ಕಿ ಮೆತ್ತಗಾಗುವ ಮೊದಲೇ ಮುಗಿಸಬೇಕು, ಹಾಗಾಗಿ ತರಕಾರಿ ಕಲಸುವುದು ಕೊನೆಗೆ. ಮಂಡಕ್ಕಿಯಲ್ಲಿ ಉಪ್ಪು ಮೊದಲೇ ಇರುತ್ತದೆ, ಬಿಪಿ ಇದ್ದವರು ಮತ್ತೆ ಹಾಕಬೇಡಿ. ಬಜ್ಜಿ ತಿನ್ನಲೇಬೇಕು ಅನ್ನಿಸಿದ ದಿನ ಎರಡು ತಿಂದು, ರಾತ್ರಿಗೆ ಅನ್ನ ಬಿಟ್ಟು ಕಾಳಿನ ಸಾರು, ಮಜ್ಜಿಗೆ ಸಾಕು.

ಬೆಣ್ಣೆ ದೋಸೆಯ ವಿಷಯದಲ್ಲಿ ನಾವು ಕಟ್ಟುನಿಟ್ಟಿನವರಲ್ಲ. ನೂರು ಗ್ರಾಂ ಬೆಣ್ಣೆಗೆ 720 ಕ್ಯಾಲರಿ, ಕಾವಲಿಯ ಮೇಲೆ ಬೀಳುವ ಒಂದೊಂದು ದೊಡ್ಡ ಚಮಚಕ್ಕೂ ನೂರು. ಜೋಡಿ ದೋಸೆ, ಆಲೂಗಡ್ಡೆ ಪಲ್ಯ, ಕಾಯಿಚಟ್ನಿ ಸೇರಿದರೆ ದಿನದ ಅಳತೆಯ ಅರ್ಧದಷ್ಟು ಹೋಗಬಹುದು. ಹದಿನೈದು ದಿನಕ್ಕೊಮ್ಮೆ, ಒಂದೇ ದೋಸೆ, ಅದನ್ನೇ ತಿಂಡಿಯೆಂದು ತಿನ್ನಿ. ಬೆಣ್ಣೆ ಇಲ್ಲದೆ ಹಾಕಿಸಿಕೊಂಡು ಮುಖ ಸಪ್ಪೆ ಮಾಡಿಕೊಂಡು ತಿನ್ನುವುದಕ್ಕೆ ಅರ್ಥವಿಲ್ಲ.

ಒಪ್ಪೊತ್ತು ಮತ್ತು ಜಾತ್ರೆ

ಶ್ರಾವಣ ಸೋಮವಾರದ ಒಪ್ಪೊತ್ತು ತೂಕ ಇಳಿಸುತ್ತದೆಯೇ? ಇಡೀ ದಿನದ ಕ್ಯಾಲರಿ ಕಡಿಮೆಯಾದರೆ ಇಳಿಸುತ್ತದೆ. ಸಾಮಾನ್ಯವಾಗಿ ಸಾಬೂದಾನಿ, ಅವಲಕ್ಕಿ, ಬಾಳೆಹಣ್ಣು, ನಾಲ್ಕು ಟೀ ಸೇರಿ, ಸಂಜೆಯ ಊಟ ಎರಡು ಊಟವಾಗುತ್ತದೆ. ಉಪವಾಸ ಬಿಡುವಾಗ ಮಜ್ಜಿಗೆ, ಕೋಸಂಬರಿಯಿಂದ ಶುರು ಮಾಡಿ, ಹತ್ತು ನಿಮಿಷ ಬಿಟ್ಟು ಊಟಕ್ಕೆ ಕೂರಿ. ದುಗ್ಗಮ್ಮನ ಜಾತ್ರೆಗೋ ಮದುವೆಗೋ ಹೋಳಿಗೆ ತಿಂದ ಮರುದಿನ ತಕ್ಕಡಿ ಒಂದೂವರೆ ಕಿಲೋ ಹೆಚ್ಚು ತೋರಿಸಿದರೆ ಗಾಬರಿ ಬೇಡ. ಅಷ್ಟು ಕೊಬ್ಬು ಬೆಳೆಯಲು 11,000 ಕ್ಯಾಲರಿ ಹೆಚ್ಚುವರಿ ಬೇಕು. ಉಪ್ಪು ಮತ್ತು ಹಿಟ್ಟಿನಂಶ ಹಿಡಿದುಕೊಂಡ ನೀರು ಅದು, ಮೂರು ನಾಲ್ಕು ದಿನಕ್ಕೆ ಹೋಗುತ್ತದೆ. ಆಹಾರ ತಗ್ಗಿಸಿದ ಮೊದಲ ವಾರ ಎರಡು ಕಿಲೋ ಇಳಿದರೆ ಅದೂ ಬಹುಪಾಲು ನೀರೇ.

ನಡಿಗೆ

ಕುಂದವಾಡ ಕೆರೆ ಸುತ್ತ ಬೆಳಿಗ್ಗೆ ಕೈ ಬೀಸಿ ನಡೆದು, ವಾಪಸ್ ಬರುವಾಗ ದೋಸೆ ಹೋಟೆಲಿನ ಮುಂದೆ ಗಾಡಿ ನಿಲ್ಲಿಸುವ ಗುಂಪುಗಳಿವೆ. 70 ಕಿಲೋದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು 130ರಿಂದ 150 ಕ್ಯಾಲರಿ. ತಿಂದದ್ದನ್ನು ನಡೆದು ಕರಗಿಸುತ್ತೇನೆ ಎಂಬ ಲೆಕ್ಕ ಕೂಡುವುದಿಲ್ಲ. ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ, ಇಳಿದದ್ದು ನಿಲ್ಲುವುದು ನಡಿಗೆಯಿಂದ.

ವಾರಕ್ಕೆ 150 ನಿಮಿಷ ಕನಿಷ್ಠ, 300ರ ತನಕ ಹೋದರೆ ಒಳ್ಳೆಯದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಸರಿಯಾದ ವೇಗ. ರೂಢಿ ಇಲ್ಲದವರು ಮೊದಲ ವಾರ 15 ನಿಮಿಷ, ಆಮೇಲೆ ವಾರಕ್ಕೆ 5 ನಿಮಿಷ ಕೂಡಿಸುತ್ತ ಹೋಗಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬೆಳಿಗ್ಗೆ ಏಳರೊಳಗೆ ಮುಗಿಸಿ. ಚಿತ್ರದುರ್ಗದವರಿಗೆ ಒಂದು ಮಾತು: ಬಿಎಂಐ 30 ದಾಟಿದವರು ಕೋಟೆ ಹತ್ತುವುದರಿಂದ ಶುರು ಮಾಡಬೇಡಿ. ಹತ್ತುವಾಗಿನದಕ್ಕಿಂತ ಕಲ್ಲಿನ ಮೆಟ್ಟಿಲು ಇಳಿಯುವಾಗ ಮಂಡಿಗೆ ಬೀಳುವ ಹೊಡೆತ ಹೆಚ್ಚು. ಮೂರು ತಿಂಗಳು ಸಮತಟ್ಟಾದ ನೆಲದಲ್ಲಿ ನಡೆದು, ನಾಲ್ಕೈದು ಕಿಲೋ ಇಳಿದ ಮೇಲೆ ಹತ್ತಿ. ನಡೆಯುವಾಗ ಎದೆ ಹಿಡಿದಂತಾದರೆ, ನೋವು ದವಡೆ ಅಥವಾ ಎಡಗೈಗೆ ಹೋದರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ, ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ.

ವಾರಕ್ಕೆ ಎರಡು ದಿನ ಮಾಂಸಖಂಡದ ಕೆಲಸ ಬೇಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು 10 ಸಲ, ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಭುಜದ ಮೇಲೆತ್ತುವುದು 10 ಸಲ, ಹೀಗೆ ಮೂರು ಸುತ್ತು. ನಿದ್ದೆ ಏಳು ಗಂಟೆಗಿಂತ ಕಡಿಮೆಯಾದರೆ ಮರುದಿನ ಹಸಿವು ಹೆಚ್ಚುತ್ತದೆ.

ಇಳಿಯುವುದು ನಿಂತಾಗ

ವಾರದಲ್ಲಿ ಮೂರು ದಿನ, ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಅದೇ ತಕ್ಕಡಿಯನ್ನು ಗಟ್ಟಿ ನೆಲದ ಮೇಲಿಟ್ಟು ತೂಗಿ ಸರಾಸರಿ ಬರೆದಿಡಿ. ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಮುಟ್ಟಿನ ದಿನಗಳ ಆಸುಪಾಸು ಹೆಂಗಸರ ತೂಕ ಏರುವುದು ಸಹಜ. ಮೂರು ವಾರ ಸರಾಸರಿ ಕದಲದಿದ್ದರೆ ಮೊದಲು ಎಣ್ಣೆ ಲೋಟ ನೋಡಿ, ಅಳತೆ ಮತ್ತೆ ಕಣ್ಣಂದಾಜಿಗೆ ಹೋಗಿರುತ್ತದೆ. ಆಮೇಲೆ ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ಯಾರು ಮುಗಿಸುತ್ತಾರೆ ಎಂದು ನೋಡಿ. ಎರಡೂ ಸರಿಯಿದ್ದರೆ ಮೇಲಿನ ಲೆಕ್ಕವನ್ನು ಹೊಸ ತೂಕಕ್ಕೆ ಹಾಕಿ. 72 ಇದ್ದವರು 65ಕ್ಕೆ ಬಂದರೆ ದಿನದ ಖರ್ಚೂ ನೂರರಷ್ಟು ಇಳಿದಿರುತ್ತದೆ.

ಇಲ್ಲಿ ಬೇಸತ್ತವರೇ ಪುಡಿ, ಬೆಲ್ಟುಗಳಿಗೆ ಗಿರಾಕಿ. ಬೆವರಿಸುವ ಬೆಲ್ಟಿನಿಂದ ಹೋಗುವುದು ನೀರು. ಬಿಸಿನೀರಿಗೆ ಹಾಕುವ ಒಂದು ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲರಿ ಇದೆ, ಕೊಬ್ಬು ಕರಗಿಸುವ ಗುಣವಿಲ್ಲ. ಹೆಸರಿಲ್ಲದ 'ಗಿಡಮೂಲಿಕೆ' ಮಾತ್ರೆಗಳು ಇನ್ನೂ ಅಪಾಯ. ಹೃದಯಕ್ಕೆ ಕುತ್ತು ಎಂದು ಭಾರತದಲ್ಲಿ 2011ರಲ್ಲಿ ನಿಷೇಧಿಸಿದ ಸಿಬುಟ್ರಮೈನ್ ಎಂಬ ಔಷಧಿ ಇಂಥ ಮಾತ್ರೆಗಳಲ್ಲಿ ಕದ್ದು ಬೆರೆತು ಸಿಕ್ಕಿದ್ದು ಹಲವು ದೇಶಗಳಲ್ಲಿದೆ. ತಿಂದ ವಾರದಲ್ಲೇ ಹಸಿವು ಮಾಯವಾಗಿ ಎದೆ ಡವಗುಟ್ಟಿದರೆ ನಿಲ್ಲಿಸಿ, ಪೊಟ್ಟಣ ಸಮೇತ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆ ಇಲ್ಲದವರು ಥೈರಾಯ್ಡ್ ಮಾತ್ರೆ, ಭೇದಿ ಮಾತ್ರೆ ನುಂಗುವುದೂ ಇದೇ ಜಾತಿಯ ಹುಚ್ಚು.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಇಂಜೆಕ್ಷನ್‌ಗಳು 2025ರಲ್ಲಿ ತೂಕ ಇಳಿಸುವುದಕ್ಕೂ ಇಲ್ಲಿಯ ಮಾರುಕಟ್ಟೆಗೆ ಬಂದಿವೆ. ಕೆಲಸ ಮಾಡುತ್ತವೆ. ಆದರೆ ಡಾಕ್ಟರ ಚೀಟಿ ಇಲ್ಲದೆ ಮುಟ್ಟುವ ವಸ್ತುವಲ್ಲ. ಓಕರಿಕೆ, ವಾಂತಿ ಸಾಮಾನ್ಯ, ಪ್ರೋಟೀನ್ ಮತ್ತು ವ್ಯಾಯಾಮ ಇಲ್ಲದಿದ್ದರೆ ಮಾಂಸಖಂಡ ಸೊರಗುತ್ತದೆ, ನಿಲ್ಲಿಸಿದರೆ ಬಹಳಷ್ಟು ಜನರಲ್ಲಿ ತೂಕ ಮರಳುತ್ತದೆ.

ಗುರಿ ಮುಟ್ಟಿದ ಮೇಲೆ ಒಮ್ಮೆಗೇ ಹಳೆಯ ಊಟಕ್ಕೆ ಹೋಗಬೇಡಿ. ವಾರಕ್ಕೆ 100 ಕ್ಯಾಲರಿಯಂತೆ, ಅಂದರೆ 30 ಗ್ರಾಂ ಹಿಟ್ಟು ಅಥವಾ ಒಂದು ದೊಡ್ಡ ಬಾಳೆಹಣ್ಣಿನಷ್ಟು ಕೂಡಿಸುತ್ತ, ತೂಕ ನಿಂತ ಜಾಗದಲ್ಲಿ ನಿಲ್ಲಿಸಿ. ಎಣ್ಣೆಯನ್ನು ಮಾತ್ರ ಹೆಚ್ಚಿಸಬೇಡಿ. ಸರಾಸರಿ ಎರಡು ಕಿಲೋ ಮೇಲೇರಿದ ವಾರವೇ ಅಳತೆಯ ಲೋಟವನ್ನು ಮತ್ತೆ ಹೊರಗೆ ತೆಗೆಯಿರಿ. ಐದು ಕಿಲೋ ಆಗುವ ತನಕ ಕಾದರೆ ಮತ್ತೆ ಆರು ತಿಂಗಳ ಕೆಲಸ.